ಸಂಶೋಧಕಿಯನ್ನು ಸುರಕ್ಷಿತವಾಗಿ ಬಳಸುವ ಕ್ರಮ

(ತಾಲ್ಲೂಕು ಕಚೇರಿಗಳ ಆಂತರಿಕ ಬಳಕೆಗೆ ಮಾತ್ರ)

ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸೇವೆಯನ್ನು ಸುಧಾರಿಸುವ ಸಲುವಾಗಿ ತಮ್ಮ ಕಚೇರಿಗೆ ಬೆಂಗಳೂರಿನಿಂದ ಒಬ್ಬ ವಿನ್ಯಾಸ ಸಂಶೋಧಕಿ ಮಂಜೂರಾಗಿದ್ದಾರೆ. ಬಂದ ಕೂಡಲೇ ಅವರ ಕೈಚೀಲ ಗಮನಿಸಿ. ಅಚ್ಚು ಹಾಕಿಸಿದ ಪ್ರಶ್ನಾವಳಿ ಇದ್ದರೆ ಭಯವಿಲ್ಲ. ಎರಡು ಗಂಟೆಯಲ್ಲಿ ತುಂಬಿಸಿ ಕಳಿಸಬಹುದು. ಖಾಲಿ ನೋಟ್‌ಬುಕ್ಕು, ನೀರಿನ ಬಾಟಲಿ ಮತ್ತು ಕಾಲಲ್ಲಿ ಸವೆದ ಚಪ್ಪಲಿ ಕಂಡರೆ ಮುಂದಿನದನ್ನು ಬಾಯಿಪಾಠ ಮಾಡಿ.

ಅಳವಡಿಕೆ: ಸಂಶೋಧಕಿಯನ್ನು ತಹಶೀಲ್ದಾರರ ಕೊಠಡಿಯಲ್ಲಿ, ಫ್ಯಾನಿನ ಕೆಳಗೇ ಕೂರಿಸಿ. ಉಪ್ಪಿಟ್ಟು, ಕಾಫಿ ತರಿಸಿ. ಬಳಿಕ ಒಬ್ಬ ಪ್ರಗತಿಪರ ರೈತರನ್ನು ಕರೆಸಿ. ‘ಸೇವೆ ಹೇಗಿದೆ?’ ಎಂದು ಕೇಳಿದರೆ ಅವರು ‘ಬಹಳ ಚೆನ್ನಾಗಿದೆ ಮೇಡಂ’ ಎನ್ನುತ್ತಾರೆ. ನಾಳೆ ಪೋಡಿಗೆ ಅರ್ಜಿ ಹಾಕಬೇಕಾದವರು ತಹಶೀಲ್ದಾರರ ಮುಂದೆ ನಿಂತು ಇನ್ನೇನಂದಾರು? ಇಂಥ ಐದು ಉತ್ತರ ಸಿಕ್ಕರೆ ವರದಿಗೆ ಸಾಕು.

ಸಂಶೋಧಕಿ ತಾವಾಗಿಯೇ ಎದ್ದು ಹೊರಗೆ ಹೋಗುವುದು ಈ ಮಾದರಿಯ ದೊಡ್ಡ ದೋಷ. ಹೊರಗೆ ಕಿಟಕಿಯಿಂದ ಗೇಟಿನವರೆಗೆ ಚಪ್ಪಲಿಗಳು ಸಾಲಾಗಿ ನಿಂತಿರುತ್ತವೆ. ಚಪ್ಪಲಿಯವರು ಬೇವಿನ ಮರದಡಿ ಕೂತಿರುತ್ತಾರೆ. ಇಷ್ಟು ವರ್ಷ ನಾವು ದಾಟಿಕೊಂಡು ಓಡಾಡಿದ ಚಪ್ಪಲಿಗಳ ಮುಂದೆ ಈಕೆ ಕುಕ್ಕರಗಾಲಲ್ಲಿ ಕೂತು ಬರೆದುಕೊಳ್ಳುತ್ತಾರೆ: ಸಾಲಿಗೆ ನೆರಳಿಲ್ಲ, ಬೆಂಚಿಲ್ಲ, ಸರ್ವರ್ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಯಾರೂ ದೂರು ಕೊಟ್ಟಿರಲಿಲ್ಲ. ಚಪ್ಪಲಿ ದೂರು ಕೊಡುತ್ತದೆಂದು ಯಾರಿಗೆ ಗೊತ್ತಿತ್ತು!

ಗೇಟಿನ ಎದುರಿನ ಜೆರಾಕ್ಸ್ ಅಂಗಡಿಗೆ ಮಾತ್ರ ಸರ್ವಥಾ ಬಿಡಬೇಡಿ. ಯಾವ ಅರ್ಜಿಗೆ ಯಾವ ದಾಖಲೆ ಲಗತ್ತಿಸಬೇಕು, ಯಾವ ಕಾಲಂ ಖಾಲಿ ಬಿಟ್ಟರೆ ವಾಪಸ್ಸಾಗುತ್ತದೆ, ಕೇಸ್ ವರ್ಕರ್ ಯಾವ ದಿನ ರಜೆ, ನಮ್ಮ ಫಲಕದ ಮೇಲಿಲ್ಲದ ಇದೆಲ್ಲವೂ ಅಲ್ಲಿನ ಹುಡುಗನಿಗೆ ಗೊತ್ತು. ಅಲ್ಲೊಬ್ಬ ಅಜ್ಜಿಯೂ ಸಿಗಬಹುದು. ಪಹಣಿಯಲ್ಲಿ ಆಕೆ ದೊಡ್ಡಮ್ಮ, ಆಧಾರ್‌ನಲ್ಲಿ ದೊಡ್ಡತಾಯಮ್ಮ. ಪಹಣಿಯಲ್ಲಿ ‘ಕೋಂ’ ಎಂದು ಮುಂದೆ ಗಂಡನ ಹೆಸರಿದ್ದರೆ, ಆಧಾರ್‌ನಲ್ಲಿ ಅಪ್ಪನ ಹೆಸರು. ಇಬ್ಬರೂ ಒಬ್ಬರೇ ಎಂದು ಸಾಬೀತುಪಡಿಸಲು ಆಕೆ ಮೂರನೇ ಸಲ ಬಸ್ ಹತ್ತಿ ಬಂದಿರುತ್ತಾರೆ. ಸಂಶೋಧಕಿ ಆಕೆಯ ಜೊತೆ ಅದೇ ಬಸ್ಸಿನಲ್ಲಿ ಊರಿಗೂ ಹೋದರೆ ನಮ್ಮ ಕೈ ಮೀರಿತೆಂದೇ ತಿಳಿಯಿರಿ.

ಹಿಂದೊಮ್ಮೆ ಕೈ ಮೀರಿದ್ದುಂಟು. ಪಹಣಿ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ಸುಖವಾಗಿತ್ತು. ರೈತರು ಅವರನ್ನು ಹುಡುಕಿಕೊಂಡು ಅಲೆಯುತ್ತಿದ್ದರು. ನಡಿಗೆ ಆರೋಗ್ಯಕ್ಕೂ ಒಳ್ಳೆಯದಲ್ಲವೇ. 2001ರ ಹೊತ್ತಿಗೆ ‘ಭೂಮಿ’ ಯೋಜನೆ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಹಾಕಿ, 15 ರೂಪಾಯಿಗೆ ಕೌಂಟರಿನಲ್ಲೇ ಪ್ರತಿ ಕೊಡಿಸತೊಡಗಿತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಕಿಟಕಿಯ ಆಚೆ ನಿಂತವರಿಗೆ ಏನು ಕಾಣುತ್ತದೆಂದು ಯಾರೋ ಆಚೆ ನಿಂತು ನೋಡಿರಬೇಕು: ರೈತರ ಕಡೆಗೆ ಮುಖ ಮಾಡಿ ಎರಡನೇ ಪರದೆಯನ್ನು ಇಟ್ಟುಬಿಟ್ಟರು! ನಾವು ಟೈಪಿಸಿದ್ದು ಅವರಿಗೂ ಕಾಣತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳಿಗೂ ಮೊದಲು ಬಂದವರಿಗೆ ಮೊದಲು ಎಂಬ ಸರದಿ ಬಂತು. ಸರದಿಯಿಲ್ಲದ ಕಾಲದ ರುಚಿ ಕಂಡವರಿಗೆ ಈಗಲೂ ಆ ನೆನಪು ಕಾಡುತ್ತದೆ.

ಸಂಶೋಧಕಿ ಏನನ್ನೂ ಕೇಳದೆ ಸುಮ್ಮನೆ ಕೂತಿದ್ದರೆ ಕೆಟ್ಟುಹೋಗಿದ್ದಾರೆಂದು ಭ್ರಮಿಸಬೇಡಿ. ಕೆಲಸ ಮಾಡುತ್ತಿರುವುದು ಆಗಲೇ. ‘ಜನಕ್ಕೆ ತಿಳಿವಳಿಕೆ ಕಡಿಮೆ ಮೇಡಂ’ ಎಂದು ನೀವು ಹೇಳಿದಾಗ ಅವರು ತಲೆಯಾಡಿಸಿ, ನಿಮ್ಮ ಹೆಸರಿನ ಮುಂದೆಯೂ ಏನೋ ಬರೆದುಕೊಂಡರೆ ಆ ಪುಟ ಕೇಳಬೇಡಿ.

ಕೊನೆಯ ಎಚ್ಚರಿಕೆ. ಮೂರನೆಯ ದಿನ ಅವರು ನಗುತ್ತಲೇ, ‘ಸರ್, ಒಮ್ಮೆ ನೀವೇ ಹೊರಗಿನಿಂದ ಹೋಗಿ ಒಂದು ಪಹಣಿ ತಗೊಂಡು ಬರ್ತೀರಾ?’ ಎನ್ನಬಹುದು. ಗುರುತಿನ ಚೀಟಿ ಮೇಜಿನ ಮೇಲಿಟ್ಟು ಹೋಗಬೇಕಂತೆ. ಒಪ್ಪಿಕೊಳ್ಳಬೇಡಿ. ಪಕ್ಕದ ತಾಲ್ಲೂಕಿನ ಶಿರಸ್ತೇದಾರರು ಒಪ್ಪಿ ಬೆಳಿಗ್ಗೆ ಹನ್ನೊಂದಕ್ಕೆ ಹೊರಗೆ ಹೋದರು. ಮೂರು ಗಂಟೆಗೆ ಜವಾನ ಹುಡುಕಿಕೊಂಡು ಹೋದಾಗ ಸಾಲಿನಲ್ಲಿ ಅವರ ಚಪ್ಪಲಿ ಮಾತ್ರ ಇತ್ತು, ಹದಿನೇಳನೆಯದು.