ಹಲ್ಲೆಣಿಸುವ ಹುರಿಯಾಳು

ಹೊಸಪೇಟೆ–ಸೊಲ್ಲಾಪುರ ಹೆದ್ದಾರಿಯ ಡಾಂಬರು ಮನೆಯಿಂದ ಕೂಗಳತೆಯಲ್ಲಿದ್ದರೂ, ಹೊಲದ ಬದುವನ್ನು ಏರದ ಗಾಡಿ ಗಾಡಿಯೇ ಅಲ್ಲವೆಂದು ನಂಬಿರುವ ತರುಣರ ಒಂದು ವರ್ಗ ಮನಗೂಳಿಯ ಎರೆಸೀಮೆಯಲ್ಲಿದ್ದು, ಶಾಸ್ತ್ರದ ಮಾತಿನಲ್ಲಿ ಅವರನ್ನು ‘ಹಲ್ಲೆಣಿಸುವವರು’ ಎನ್ನಬಹುದು. ಇಲ್ಲಿ ಹಲ್ಲೆಂದರೆ ಬಾಯೊಳಗಿನದಲ್ಲ. ಚೈನನ್ನು ಕಚ್ಚಿ ಹಿಂದಿನ ಗಾಲಿಯನ್ನು ತಿರುಗಿಸುವ ದಂತಚಕ್ರದ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು. ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರೈಸಿದ ಮೊದಲ ಭಾರತೀಯ ಬೆಂಗಳೂರಿನ ಸಿ. ಎಸ್. ಸಂತೋಷ್ ಎಂಬುದು ಈ ವರ್ಗದವನಿಗೆ ಕಂಠಪಾಠವಾಗಿರುತ್ತದೆ. ಸಂತೋಷ್ ಓಡಿಸಿದ್ದು ಕೆಟಿಎಂ, ತನ್ನ ಕೈಲಿರುವುದು ಅಪ್ಪನ ಹೆಸರಿನ ಹಳೆಯ ಸ್ಪ್ಲೆಂಡರ್ ಎಂಬ ಸಣ್ಣ ವ್ಯತ್ಯಾಸವನ್ನು ಅವನು ಹಲ್ಲಿನ ಲೆಕ್ಕದಲ್ಲಿ ಸರಿದೂಗಿಸಬಲ್ಲೆನೆಂದು ತಿಳಿದಿರುತ್ತಾನೆ.

ಲೆಕ್ಕವೇನೋ ಸರಿಯಾದದ್ದೇ. ಎಂಜಿನ್ ಬದಿಯ ಚಕ್ರಕ್ಕೆ 14 ಹಲ್ಲು, ಹಿಂದಿನದಕ್ಕೆ 42 ಇದ್ದಾಗ ಮುಂದಿನದು ಮೂರು ಸುತ್ತು ಸುತ್ತಿದರೆ ಹಿಂದಿನದು ಒಂದು ಸುತ್ತುತ್ತದೆ. ಹಿಂದೆ 46 ಹಲ್ಲಿನದನ್ನು ಕೂಡಿಸಿದರೆ ಗಾಲಿಯ ಎಳೆತ ನೂರಕ್ಕೆ ಒಂಬತ್ತೂವರೆಯಷ್ಟು ಹೆಚ್ಚುತ್ತದೆ. ಆದರೆ ಎಂಜಿನ್ ಮೊದಲು 60 ಕಿ.ಮೀ. ವೇಗದಲ್ಲಿ ಕೂಗುತ್ತಿದ್ದ ಕೂಗನ್ನೇ ಈಗ 55ರಲ್ಲಿ ಕೂಗುತ್ತದೆ. ಸ್ಪೀಡೋಮೀಟರಿನ ಕೇಬಲ್ ಮುಂದಿನ ಗಾಲಿಗೆ ಸೇರಿರುವುದರಿಂದ ಮುಳ್ಳು ಸುಳ್ಳು ಹೇಳುವುದಿಲ್ಲ, ಸಾಕ್ಷಿ ಹೇಳುತ್ತದೆ. ವರ್ಷಕ್ಕೆ ಹತ್ತು ಸಲ ಏರುವ ಬದುವಿಗಾಗಿ ದಿನಾ ಓಡಾಡುವ ಹೆದ್ದಾರಿಯನ್ನು ಬಿಟ್ಟುಕೊಡುವ ಈ ವ್ಯಾಪಾರದಲ್ಲಿ ನಷ್ಟವಿದೆಯೆಂದು ಅವನಿಗೆ ಹೇಳುವವರು ಅವನ ಗೆಳೆಯರಾಗಿ ಉಳಿಯುವುದಿಲ್ಲ.

ಕಾರ್ಯ ನಡೆಯುವುದು ಅಂಗಳದಲ್ಲಿ, ಮತ್ತು ಪ್ರೇಕ್ಷಕರಿಲ್ಲದೆ ನಡೆಯುವುದಿಲ್ಲ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಗಾಲಿ ಕಳಚಿ, ನಟ್ಟುಗಳನ್ನು ಅವ್ವ ಹಿಟ್ಟು ನಾದುವ ಪರಾತದಲ್ಲಿ ಇಟ್ಟುಕೊಂಡು ಕುಳಿತಾಗ ಒಳಗಿನಿಂದ “ಏ ತಮ್ಮಾ, ರೊಟ್ಟಿ ಯಾತರಾಗ ಬಡೀಲಿ?” ಎಂಬ ಪ್ರಶ್ನೆ ಬರುತ್ತದೆ, ಉತ್ತರ ಹೋಗುವುದಿಲ್ಲ. ಹೊಸ ಚಕ್ರ ಕೂತ ಮೇಲೆ ಚೈನ್ ಸಾಲದೆಂದು ತಿಳಿಯುತ್ತದೆ. ನಾಲ್ಕು ಹಲ್ಲು ಹೆಚ್ಚಾದರೆ ಸುಮಾರು ಎರಡು ಕೊಂಡಿ ಹೆಚ್ಚು ಬೇಕಾಗುವುದೂ, ಒಳಕೊಂಡಿ ಹೊರಕೊಂಡಿಗಳು ಒಂದಾದ ಮೇಲೊಂದು ಬರುವುದರಿಂದ ಅವನ್ನು ಜೋಡಿಯಾಗಿಯೇ ಸೇರಿಸಬೇಕಾಗುವುದೂ ಮೊದಲೇ ಗೊತ್ತಿದ್ದ ಸಂಗತಿಗಳು. ಆದರೂ ಅವನು ಅರ್ಧ ಗಂಟೆ ಗಾಲಿಯನ್ನು ಮುಂದಕ್ಕೆ ಒತ್ತಿ ನೋಡಿದ ಮೇಲೆಯೇ ಅಂಗಡಿಗೆ ಹೊರಡುತ್ತಾನೆ, ಅದೂ ಪಕ್ಕದ ಮನೆಯವರ ಸೈಕಲ್ಲಿನಲ್ಲಿ. ತಿರುಗಿ ಬಂದು ಚೈನ್ ಲಾಕನ್ನು, ಅಂದರೆ ಕೊನೆಯ ಕೊಂಡಿಯನ್ನು ಹಿಡಿದಿಡುವ ಮೀನಿನಾಕಾರದ ತಗಡನ್ನು, ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗೆ ಇರುವಂತೆ ಕೂಡಿಸುವಾಗ ಮಾತ್ರ ಅವನ ಮುಖದಲ್ಲಿ ಅರ್ಚಕನ ಗಾಂಭೀರ್ಯ ಮೂಡುತ್ತದೆ. ತಿರುಗುಮುರುಗಾದರೆ ತೆರೆದ ಬಾಲ ಎಲ್ಲಿಗಾದರೂ ತಾಕಿ ಲಾಕು ಉದುರಬಹುದಾದ್ದರಿಂದ ಈ ಗಾಂಭೀರ್ಯವನ್ನು ಒಪ್ಪಬೇಕಾದದ್ದೇ.

ಪರೀಕ್ಷೆಯ ದಿನ ಬದುವೇನೋ ಸೋಲುತ್ತದೆ. ಆದರೆ ಅದರಾಚೆ ಹಿಂದಿನ ರಾತ್ರಿ ಮಳೆ ಬಿದ್ದ ಎರೆಹೊಲವಿರುತ್ತದೆ, ಮತ್ತು ಹಸಿ ಎರೆಮಣ್ಣು ಎಳೆತದ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲ. ಅದು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕಣಕದಂತೆ ಮೆತ್ತಿಕೊಂಡು ಗಾಲಿಯನ್ನು ನಿಲ್ಲಿಸಿಬಿಡುವುದರಿಂದ 46 ಹಲ್ಲುಗಳೂ ಕಚ್ಚಿಕೊಂಡು ನಿಲ್ಲುತ್ತವೆ. ಕಡೆಗೆ ಎತ್ತು ಹೂಡಿ ಗಾಡಿಯನ್ನು ಎಳೆಸಬೇಕಾಗುತ್ತದೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಎತ್ತಿನ ಬಾಯಿ ತೆರೆದು, ಎರಡು ಹಲ್ಲಿನದೋ, ಆರು ಹಲ್ಲಿನದೋ, ಎಂಟೂ ಮೂಡಿ ಬಾಯಿಗೂಡಿದ್ದೋ ಎಂದು ವಯಸ್ಸು ಕಟ್ಟಿ ಬೆಲೆ ಆಡಿದ ಮುತ್ಯಾ ಹಗ್ಗ ಬಿಗಿಯುತ್ತ ಕೇಳುತ್ತಾನೆ:

“ಹೊಸಾದಕ್ಕ ಎಷ್ಟ ಹಲ್ಲೋ?”

“ನಲವತ್ತಾರು, ಮುತ್ಯಾ.”

“ಹಂಗಾರ ಭಾಳ ಮುಪ್ಪಾಗೇತಿ. ಬರೂ ಜಾತ್ರ್ಯಾಗ ಮಾರಿಬಿಡು.”