ಸಾಹೇಬರು ಓದುತ್ತಿದ್ದಾರೆ

ಮಿಸೆಸ್ ಬೆನೆಟ್ ಪೆದ್ದಿ. 1813ರಲ್ಲಿ ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಅಚ್ಚಾದಂದಿನಿಂದ ಓದುಗರು ಕೊಡುತ್ತ ಬಂದ ತೀರ್ಪು ಇದು. ಬಾಯಿಬಡುಕಿ, ಮಾತೆತ್ತಿದರೆ ನರದೌರ್ಬಲ್ಯ, ಊರಿಗೆ ಹೊಸ ಗಂಡು ಕಾಲಿಟ್ಟರೆ ಮೊದಲು ಅವನ ವರಮಾನದ ವಿಚಾರಣೆ. ಯಜಮಾನರೋ, ಮಹಾ ರಸಿಕರು. ಗ್ರಂಥಾಲಯದಲ್ಲಿ ಪುಸ್ತಕ ಹಿಡಿದು ಕೂತು, ಆಗಾಗ ಹೆಂಡತಿಯ ಮೇಲೊಂದು ಚಟಾಕಿ ಹಾರಿಸುತ್ತಾರೆ. ನಾವೂ ನಗುತ್ತೇವೆ.

ನಕ್ಕಾಯಿತು, ಲೆಕ್ಕ ನೋಡೋಣ. ವರ್ಷಕ್ಕೆ 2,000 ಪೌಂಡ್ ಆದಾಯ, ಐದು ಹೆಣ್ಣುಮಕ್ಕಳು. ಗಂಡುಸಂತಾನವಿಲ್ಲದಿದ್ದರೆ ಆಸ್ತಿಯೆಲ್ಲ ದಾಯಾದಿಗೆ. ಹೇಗೂ ಮಗ ಹುಟ್ಟುತ್ತಾನೆ, ದೊಡ್ಡವನಾಗಿ ಆ ಕರಾರು ಮುರಿಯಲು ಕೈಜೋಡಿಸುತ್ತಾನೆ ಎಂದು ಸಾಹೇಬರು ಬಿಡಿಗಾಸೂ ಕೂಡಿಡಲಿಲ್ಲ. ಹುಟ್ಟದ ಮಗನ ಮೇಲೆ ಅಷ್ಟು ಭರವಸೆ. ಹುಟ್ಟಿದ ಐವರಿಗೆ ಉಳಿಸಿದ್ದು ಚಟಾಕಿ. ಅವರು ಕಣ್ಣುಮುಚ್ಚಿದರೆ ಆರು ಹೆಂಗಸರು ಮನೆ ಖಾಲಿ ಮಾಡಬೇಕು. ಇದನ್ನು ನೆನೆದು ನಿದ್ದೆಗೆಡುವವಳು ಪೆದ್ದಿ, ಹಾಯಾಗಿ ಮಲಗುವವರು ಪಂಡಿತರು!

ದಾಯಾದಿ ಕಾಲಿನ್ಸ್ ಪಾದ್ರಿ ಹೆಣ್ಣು ನೋಡಲು ಬರುತ್ತಾನೆ. ದೊಡ್ಡವಳಿಗೆ ಬೇರೆ ಸಂಬಂಧ ಕುದುರುವಂತಿದೆ ಎಂದು ತಿಳಿದು ಎರಡನೆಯವಳ ಮೇಲೆ ಮನಸ್ಸಿಡಲು ಅವನಿಗೆ ಬೇಕಾದದ್ದು, ಬೆನೆಟಮ್ಮ ಅಗ್ಗಿಷ್ಟಿಕೆಯ ಕೆಂಡ ಕೆದಕಿ ಮುಗಿಸುವಷ್ಟು ಹೊತ್ತು. ಎಲಿಜಬೆತ್ ಒಲ್ಲೆನೆಂದರೆ ಅದನ್ನು ವಯ್ಯಾರ ಎಂದುಕೊಳ್ಳುತ್ತಾನೆ. ಜತೆಗೆ ಔದಾರ್ಯ ಬೇರೆ: ನಿಮ್ಮಮ್ಮ ಸತ್ತ ಮೇಲೆ ನಿನ್ನ ಪಾಲಿಗೆ ಬರುವುದು ನೂರಕ್ಕೆ 4ರ ಬಡ್ಡಿಯ 1,000 ಪೌಂಡ್ ಅಷ್ಟೇ, ಆದರೂ ಮದುವೆಯಾದ ಮೇಲೆ ನಾನದನ್ನು ಎತ್ತಿ ಆಡುವುದಿಲ್ಲ ಎನ್ನುತ್ತಾನೆ. ಅತ್ತೆಯಾಗುವವಳು ಪಕ್ಕದ ಕೋಣೆಯಲ್ಲೇ ಗಟ್ಟಿಮುಟ್ಟಾಗಿದ್ದಾಳೆ.

ಎಲಿಜಬೆತ್ ಒಲ್ಲದವನನ್ನು ಗೆಳತಿ ಶಾರ್ಲೆಟ್ ಲೂಕಸ್ ಕಟ್ಟಿಕೊಂಡಳು. ಅವಳಿಗೆ 27. ಅಕ್ಕ ಮದುವೆಯಿಲ್ಲದೆ ಮುದುಕಿಯಾದಾಳೆಂಬ ತಮ್ಮಂದಿರ ದಿಗಿಲು ಇಳಿಯಿತು. ತಾಯಿಯಂತೂ ಬೆನೆಟ್ ಸಾಹೇಬರು ಇನ್ನೆಷ್ಟು ವರ್ಷ ಬದುಕಿಯಾರು ಎಂದು ಲೆಕ್ಕ ಹಾಕತೊಡಗಿದಳು. (ಈಕೆಯನ್ನು ಯಾರೂ ಪೆದ್ದಿ ಎನ್ನುವುದಿಲ್ಲ, ಗಂಡನಿಗೆ ಸರ್ ಪದವಿ ಇದೆ.) ಶಾರ್ಲೆಟ್ ತನ್ನ ಕೋಣೆಯನ್ನು ಮನೆಯ ಹಿಂಬದಿಗೆ ಆರಿಸಿಕೊಂಡಳು, ರಸ್ತೆ ಕಾಣುವ ಕೋಣೆಯಾದರೆ ಗಂಡನೂ ಬಂದು ಕೂತಾನು. ತೋಟದ ಕೆಲಸ ಮೈಗೆ ಒಳ್ಳೆಯದೆಂದು ಅವನನ್ನು ಹುರಿದುಂಬಿಸಿ ಹೊರಗೆ ಸಾಗಹಾಕಿದಳು. ಇಡೀ ಕಾದಂಬರಿಯಲ್ಲಿ ಸಂಸಾರ ನಡೆಸಲು ಬಲ್ಲವಳು ಇವಳೊಬ್ಬಳೇ.

ಎಲಿಜಬೆತ್‌ಗೆ ವರ್ಷಕ್ಕೆ 10,000 ಪೌಂಡಿನ ಡಾರ್ಸಿ ಸಿಕ್ಕ. ಸ್ವಾಭಿಮಾನಕ್ಕೆ ಇಷ್ಟು ಸಂಭಾವನೆ ಕಾದಂಬರಿಯಲ್ಲಷ್ಟೇ ಉಂಟು. ಆಸ್ಟಿನ್ 1802ರ ಡಿಸೆಂಬರಿನಲ್ಲಿ ಜಮೀನ್ದಾರರ ಮನೆಯ ವಾರಸುದಾರನಿಗೆ ಸಂಜೆ ಹೂಂ ಎಂದು, ಬೆಳಗ್ಗೆ ಒಲ್ಲೆ ಎಂದವಳು. 27 ತುಂಬಲು ಎರಡು ವಾರವಿತ್ತು. ಆಮೇಲೆ ಯಾವ ಡಾರ್ಸಿಯೂ ಬರಲಿಲ್ಲ. ಈ ಕಾದಂಬರಿಯ ಹಕ್ಕು ಮಾರಿದ್ದಕ್ಕೆ ಕೈಗೆ ಬಂದದ್ದು 110 ಪೌಂಡ್. ಬೆನೆಟ್ ಸಾಹೇಬರಿಗಾದರೆ ಕೂತಲ್ಲಿಗೇ ಮೂರು ವಾರದೊಳಗೆ ಬಂದು ಬೀಳುತ್ತಿದ್ದ ಮೊತ್ತ.