ಜೇಬು ನೋಡಿ ಮಣೆ ಹಾಕುವವರಿಗೆ

ಅಮೆರಿಕದ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಫೈನಾನ್ಷಿಯಲ್ ಏಡ್ ಅಧಿಕಾರಿಗಳ ಪಾದಾರವಿಂದಗಳಲ್ಲಿ, ನ್ಯೂಜೆರ್ಸಿಯಲ್ಲಿರುವ ತಿಪಟೂರು ಮೂಲದ ತಂದೆಯೊಬ್ಬನ ಸಾಷ್ಟಾಂಗ ಪ್ರಣಾಮಗಳು.

ಮಗಳ ಅರ್ಜಿಯ ಜೊತೆ ತಾವು ಕೇಳಿದ ಸಿಎಸ್‌ಎಸ್ ಪ್ರೊಫೈಲ್ ಎಂಬ ನೆರವಿನ ಫಾರಂ ತುಂಬುತ್ತಾ ಕೂತಿದ್ದೇನೆ. ಕೈಯಲ್ಲಿ ಕಾಸಿಲ್ಲವೆಂದು ಹೇಳಿಕೊಳ್ಳಲು ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಒಂದೊಂದಕ್ಕೂ 16 ಡಾಲರ್ ಕಟ್ಟಬೇಕೆಂಬ ಏರ್ಪಾಡು ಸೊಗಸಾಗಿದೆ. (ಒಂದು ಮಿತಿಗಿಂತ ಕಡಿಮೆ ಆದಾಯದವರಿಗೆ ಮಾಫಿ ಉಂಟು, ಸುಳ್ಳು ಹೇಳಬಾರದು.) ಮನೆ ಯಾವ ವರ್ಷ ಕೊಂಡೆ, ಎಷ್ಟಕ್ಕೆ ಕೊಂಡೆ, ಈಗೆಷ್ಟು ಬಾಳುತ್ತದೆ, ಸಾಲವೆಷ್ಟು ಉಳಿದಿದೆ? ನನ್ನ ಮದುವೆ ಮಾತುಕತೆಗೆ ಬಂದ ಬೀಗರೂ ಇಷ್ಟು ಕೆದಕಿರಲಿಲ್ಲ. ಎಲ್ಲ ಹೇಳಿದ ಮೇಲೆ ತಾನೇ ತಾವು ನಮಗೆ ಬೆಲೆ ಹೇಳುವುದು!

ಸಿಕ್ಕಿಹಾಕಿಕೊಂಡದ್ದು ತಿಪಟೂರಿನ ತೆಂಗಿನ ತೋಟದ ಹತ್ತಿರ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ. ಅಜ್ಜ ಹೋಗಿ ಎಷ್ಟೋ ಕಾಲವಾಯಿತು. ಹಕ್ಕುದಾರರು ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಒಬ್ಬರು ಸೋದರತ್ತೆ, ಅವರೆಲ್ಲರ ಮಕ್ಕಳು. ಪಾಲಾಗಿಲ್ಲ. ಕೊಬ್ಬರಿ ದುಡ್ಡು ಒಬ್ಬ ಚಿಕ್ಕಪ್ಪನಿಗೆ, ಊರಿಗೆ ಹೋದಾಗ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ನನಗೆ. ಆದರೆ ತಮ್ಮ ಫಾರಂನ ಆಸ್ತಿ ಕಲಂನಲ್ಲಿ ಅಂಕಿ ಬಿಟ್ಟು ಬೇರೇನೂ ಕೂರುವುದಿಲ್ಲ. ಸೊನ್ನೆ ಬರೆದರೂ ಸುಳ್ಳು, ಬೆಲೆ ಬರೆದರೂ ಸುಳ್ಳು. ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ದುಡ್ಡನ್ನು ‘ವಿಶೇಷ ಪರಿಸ್ಥಿತಿ’ಯ ಕೆಳಗೆ ವಿವರಿಸಬೇಕಂತೆ. ಹೆತ್ತವಳನ್ನು ನೋಡಿಕೊಳ್ಳುವುದು ವಿಶೇಷ!

2025ರಿಂದ ವರ್ಷಕ್ಕೆ 2 ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯದವರಿಗೆ ಬೋಧನಾ ಶುಲ್ಕವಿಲ್ಲ ಎಂದು ಎಂಐಟಿ ಸಾರಿದಾಗ ಮನೆಯಲ್ಲಿ ಪಾಯಸ ಮಾಡಿದೆವು. ‘ಸಾಮಾನ್ಯ ಆಸ್ತಿ ಇದ್ದರೆ’ ಎಂಬ ಬಾಲ ಕಂಡಿದ್ದು ಪಾಯಸ ಖಾಲಿಯಾದ ಮೇಲೆ.

ತಮ್ಮ ದೃಷ್ಟಿಯನ್ನು ಹೊಗಳದೆ ಇರಲಾರೆ. ಪ್ರವೇಶ ಕೊಡುವಾಗ ಯಾರ ಜೇಬನ್ನೂ ನೋಡದ ವಿಶ್ವವಿದ್ಯಾಲಯಗಳು ಒಟ್ಟಿಗೆ ಕೂತು ನೆರವಿನ ಸೂತ್ರ ಹಾಕಿಕೊಳ್ಳಬಹುದೆಂದು 1994ರಲ್ಲಿ ಅಮೆರಿಕದ ಕಾಂಗ್ರೆಸ್ ವಿನಾಯಿತಿ ಕೊಟ್ಟಿತು. ದಾನಿಗಳ ಮಕ್ಕಳು ಬಂದಾಗ ಕಣ್ಣು ತೆರೆದಿತ್ತೆಂದು 2022ರಲ್ಲಿ ಅವುಗಳಲ್ಲಿ ಹಲವದರ ಮೇಲೆ ಮೊಕದ್ದಮೆ ಬಿತ್ತು. ಯೇಲ್, ಕೊಲಂಬಿಯಾ, ಡ್ಯೂಕ್ ಸೇರಿ ಹಲವು ಸಂಸ್ಥೆಗಳು ತಪ್ಪೊಪ್ಪದೆಯೇ 28 ಕೋಟಿಗೂ ಹೆಚ್ಚು ಡಾಲರ್‌ಗೆ ರಾಜಿಯಾದವು. ತಪ್ಪಿಲ್ಲದವರೂ ಇಷ್ಟು ಧಾರಾಳವಾಗಿ ಬಿಚ್ಚುವುದನ್ನು ಕಂಡೇ ನನಗೆ ತಮ್ಮ ನೆರವಿನ ಮೇಲೆ ಭರವಸೆ ಬಂದದ್ದು.

ಮೇ 1ರೊಳಗೆ ಸೀಟಿಗೆ ಡಿಪಾಸಿಟ್ ಕಟ್ಟಬೇಕು. ಅಷ್ಟರಲ್ಲಿ ತೋಟ ಪಾಲಾಗುವ ಸಂಭವವಿಲ್ಲ. ಆ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ತಮ್ಮ ಕಚೇರಿಯಿಂದಲೇ ಯಾರಾದರೂ ತಿಪಟೂರಿಗೆ ಹೋಗಿ ಪಂಚಾಯಿತಿ ಮಾಡುವುದಾದರೆ, ಊಟ ವಸತಿ ನಮ್ಮದು.

ಇತಿ,
ಅಂಕಿಗೆ ಸಿಗದ ಆಸ್ತಿವಂತ